ನೀಲವ್ವಗೊಬ್ಬಳಿಗೇ ಹೇಳಿದ ಮಾತು

ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಇದು ಹೊಸ್ತಿಲು ದಾಟಬಾರದು.

ಪೇಟೆಯ ಸೀರೆ ಅಂಗಡಿ ಸಾವ್ಕಾರ ಗುಮಾಸ್ತನಿಗೆ ಗದರಿದ: “ಗೂಗಲ್‌ನಾಗ ಹುಡುಕಿದ್ರ ಮೊದಲು ನಮ್ಮ ಅಂಗಡಿನೇ ಬರಬೇಕು. ಸಂಜೀಯೊಳಗ ಗಿರಾಕಿ ತುಂಬಲಿಲ್ಲಂದ್ರ ನಾಳೆಯಿಂದ ನೀ ಬರಬ್ಯಾಡ!”

ಗುಮಾಸ್ತ ಫೋನು ಕಿಸೆಗಿಟ್ಟು ನೆಟ್ಟಗೆ ಹಿಂದಿನ ಓಣಿಯ ನೀಲವ್ವನ ಮನೆ ಕಟ್ಟೆಗೆ ಹೋದ. “ಅಮ್ಮಾರ, ನಿಮಗೊಬ್ಬರಿಗೇ ಹೇಳ್ತೀನ್ರಿ. ಒಳಗಿನ ಕಪಾಟಿನ ಇಳಕಲ್ ಸೀರಿ ಕಂಡಕಂಡವರಿಗೆ ತೋರಿಸಬಾರದಂತ್ರಿ.”

ಸಂಜೆಗೆ ಅಂಗಡಿ ತುಂಬ ಹೆಂಗಸರು. “ನಮಗ್ಯಾಕ ತೋರ್ಸೂದಿಲ್ರಿ? ತೆಗೀರಿ ಕಪಾಟು!” ಸೀರೆ ಬಿಚ್ಚಿ ಬಿಚ್ಚಿ ಸಾವ್ಕಾರನ ಕೈ ಸೋತವು.

“ಗೂಗಲ್‌ನಾಗ ಏನು ಹಾಕಿದ್ಯೋ?”

“ಗೂಗಲ್‌ಗೆ ಹೇಳಿಲ್ರಿ ಸಾವ್ಕಾರ್ರ, ನೀಲವ್ವಗ ಹೇಳೀನಿ.”

ಅಲ್ಲೇ ಸೀರೆಯೊಂದರ ಸೆರಗು ಬಿಡಿಸಿ ನೋಡುತ್ತಿದ್ದ ನೀಲವ್ವ ಸಿಡಿದಳು: “ನಾ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ!”

ಆಗಷ್ಟೇ ಓಡಿಬಂದ ನೀಲವ್ವನ ಪಕ್ಕದ ಮನೆ ಗಂಗವ್ವ ಖಾಲಿ ಕಪಾಟು ನೋಡಿ, ಅವಳ ಮುಖದ ಮುಂದೇ ಅಂದಳು: “ಬಾಜೂ ಮನಿಯಾಕಿ ನಾನು. ಊರಿಗೆಲ್ಲಾ ಹೇಳಿ ನನಗ ಕಡೀಗೆ ಹೇಳಿದಿಯಲ್ಲ, ಒಂದು ಸೀರಿನೂ ಉಳೀಲಿಲ್ಲ!”