ಎಡಗೈ ಹೊಸೆದ ಹಗ್ಗ

"ಗುರುಗಳೇ, ಹುಟ್ಟಿನಿಂದ ಬಂದ ದೋಷ ಎಷ್ಟು ದಿನ ತಿದ್ದಿದರೆ ಹೋಗುತ್ತದೆ?" ಎಂದು ಅಡವೀಶ ಕೇಳಿದ. ಕೇಳುವ ಮೊದಲು ಬಾಯಲ್ಲಿದ್ದ ಹುಣಸೆ ಬೀಜವನ್ನು ಅಂಗೈಗೆ ತೆಗೆದುಕೊಂಡ.

ಅವನ ದೋಷ ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾವ ಪಾಠವನ್ನೂ ಅವನು ಸುಮ್ಮನೆ ಕೇಳುತ್ತಿರಲಿಲ್ಲ. ನಡುವೆ "ಅದು ಹೇಗೆ ಗೊತ್ತು?" ಎನ್ನುತ್ತಿದ್ದ. ಪಾಠ ಅಲ್ಲಿಗೇ ನಿಲ್ಲುತ್ತಿತ್ತು, ಊಟ ತಡವಾಗುತ್ತಿತ್ತು. "ಹೇಗೆ ಗೊತ್ತಪ್ಪ ಬಾಯಿ ತೆಗೆದ, ಇವತ್ತೂ ತಣ್ಣಗಿನ ಅನ್ನವೇ" ಎಂದು ಜೊತೆಯ ಶಿಷ್ಯರು ಹಂಗಿಸುತ್ತಿದ್ದರು. ಹದಿನೈದು ದಿನಗಳಿಂದ ಅವನು ಪಾಠಕ್ಕೆ ಕೂರುವಾಗ ಬಾಯಲ್ಲಿ ಹುಣಸೆ ಬೀಜ ಇಟ್ಟುಕೊಳ್ಳುತ್ತಿದ್ದ. ಮಾತು ಬಂದರೆ ಬೀಜ ನೆನಪಿಸಲಿ ಎಂದು.

ಗುರುಗಳು ಕತೆ ಹೇಳಿದರು.

ಕೊರಿಯಾ ದೇಶದ ಒಂದು ಹಳ್ಳಿಯಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಭತ್ತದ ಹುಲ್ಲನ್ನು ಎರಡು ಅಂಗೈಗಳ ನಡುವೆ ಉಜ್ಜಿ ಹೊಸೆಯುವುದು ಅವನ ಕಸುಬು. ಬಲಗೈ ಮುಂದೆ ಹೋಗಬೇಕು. ಆಗ ಹುರಿ ಬಲಕ್ಕೆ ಕೂರುತ್ತದೆ. ಬಾವಿಗೆ, ಎತ್ತಿಗೆ, ಮನೆಯ ಮಾಡು ಬಿಗಿಯುವುದಕ್ಕೆ ಎಲ್ಲಕ್ಕೂ ಅದೇ ಹಗ್ಗ. ಅವನು ಹೊಸೆದ ಹಗ್ಗ ಕಡಿದದ್ದನ್ನು ಊರು ಕಂಡಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳು ಎಡಚಿ. ಹುಲ್ಲು ಹಿಡಿದರೆ ಎಡಗೈಯೇ ಮುಂದೆ ಹೋಗುತ್ತಿತ್ತು. ಹುರಿ ಎಡಕ್ಕೆ ಕೂರುತ್ತಿತ್ತು. ತಂದೆಯ ಎಳೆಗೆ ಅವಳ ಎಳೆ ಸೇರಿಸಿದರೆ ಎರಡೂ ಬಿಚ್ಚಿಕೊಳ್ಳುತ್ತಿದ್ದವು. ತಂದೆ ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿದ. ಕಟ್ಟಿದ್ದು ಅವನದೇ ಹಗ್ಗ. ಸಡಿಲವಾಗುವ ಮಾತೇ ಇರಲಿಲ್ಲ. ಹೊಸೆಯಲೆಂದು ಬಿಚ್ಚಿದರೆ ಆ ಕೈ ಮತ್ತೆ ತನ್ನ ದಾರಿಯನ್ನೇ ಹಿಡಿಯುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಕೊನೆಗೆ ಅವನು ಅವಳನ್ನು ಹುಲ್ಲು ಬಡಿದು ಮೆತ್ತಗೆ ಮಾಡುವ ಕೆಲಸಕ್ಕೆ ಕೂರಿಸಿದ. ಅದಕ್ಕೆ ಒಂದು ಕೈ ಸಾಕು; ಎಡಗೈಯ ಕಟ್ಟು ಹಾಗೇ ಉಳಿಯಿತು.

ಅವಳು ಹುಲ್ಲು ಬಡಿಯುತ್ತ ತಂದೆಯ ಕೈಗಳನ್ನೇ ನೋಡುತ್ತಿದ್ದಳು. ಆ ಮನೆಯಲ್ಲಿ ಹುಟ್ಟಿ ಹಗ್ಗ ಹೊಸೆಯದೆ ಇರುವುದು ಅವಳಿಗೆ ಊಟವಿಲ್ಲದೆ ಇದ್ದಂತೆ ಇತ್ತು.

ಆ ದೇಶದಲ್ಲಿ ಒಂದು ಪದ್ಧತಿ. ಮಗು ಹುಟ್ಟಿದ ಮನೆಗೆ ಒಳಿತಾಗಲಿ ಎಂದು ಹೆಬ್ಬಾಗಿಲಿಗೆ ಅಡ್ಡವಾಗಿ ಹುಲ್ಲಿನ ಹಗ್ಗ ಕಟ್ಟುತ್ತಾರೆ. ಗಂಡಾದರೆ ಕೆಂಪು ಮೆಣಸಿನಕಾಯಿ ಸಿಕ್ಕಿಸುತ್ತಾರೆ. ಹೆಣ್ಣಾದರೆ ಇದ್ದಿಲು, ಪೈನ್ ಮರದ ಚಿಗುರು. ಇಪ್ಪತ್ತೊಂದು ದಿನ ಹೊರಗಿನವರು ಆ ಹಗ್ಗ ದಾಟುವಂತಿಲ್ಲ. ಈ ಹಗ್ಗ ದಿನದ ಕೆಲಸದ ಹಗ್ಗದಂತಿರಬಾರದು. ಇದರ ಹುರಿ ಎಡಕ್ಕಿರಬೇಕು. ವರ್ಷಕ್ಕೆ ನಾಲ್ಕೋ ಐದೋ ಬೇಕಾಗುತ್ತಿದ್ದವು. ಅವನ್ನೂ ತಂದೆಯೇ ಹೊಸೆಯುತ್ತಿದ್ದ.

ಊರಿನ ಒಂದು ಮನೆಯಲ್ಲಿ ಎರಡು ಕೂಸುಗಳು ಇಪ್ಪತ್ತೊಂದು ದಿನ ತುಂಬುವ ಮೊದಲೇ ತೀರಿಕೊಂಡಿದ್ದವು. ಎರಡು ಸಲವೂ ಬಾಗಿಲ ಹಗ್ಗ ನಡುವೆ ಬಿಚ್ಚಿ ಬಿದ್ದಿತ್ತು. ಹಗ್ಗ ಕಾಣದ ಜನ ಕೂಸನ್ನು ನೋಡಲು ಒಳಗೆ ಬಂದಿದ್ದರು. ಮೂರನೆಯದು ಹೆಣ್ಣು ಕೂಸು. ಎರಡನೆಯ ದಿನವೇ ಗಾಳಿಗೆ ಹಗ್ಗ ಬಿತ್ತು. ಕೂಸಿನ ಅಜ್ಜಿ ಅದನ್ನು ತಂದು ಹಗ್ಗದವನ ಮುಂದೆ ಎಸೆದಳು.

"ನಿನ್ನ ಹಗ್ಗ ಹೋರಿಯನ್ನು ಹಿಡಿದು ನಿಲ್ಲಿಸುತ್ತೆ. ಒಂದು ಬಾಗಿಲು ಕಾಯೋಕಾಗಲ್ವೇನಪ್ಪ?"

ಮಗಳು ಒಂದೇ ಕೈಯಲ್ಲಿ ಹಗ್ಗ ಎತ್ತಿಕೊಂಡಳು. ಗೇಣು ಗೇಣಾಗಿ ಸರಿಸಿ ನೋಡಿದಳು.

"ಅಪ್ಪಾ, ಇಲ್ಲೀತನಕ ಹುರಿ ಎಡಕ್ಕಿದೆ. ಇಲ್ಲಿಂದ ಒಂದು ಗೇಣು ಬಲಕ್ಕಿದೆ. ಆಮೇಲೆ ಮತ್ತೆ ಎಡಕ್ಕೆ. ನಿನ್ನ ಕೈ ನಡುವೆ ಮೈಮರೆತು ತನ್ನ ರೂಢಿಗೆ ಹೋಗಿದೆ. ಬಿಚ್ಚಿದ್ದು ಅಲ್ಲೇ."

ತಂದೆ ನೋಡಿದ. ಮಾತು ನಿಜ. ನಲವತ್ತು ವರ್ಷ ಪಳಗಿದ ಬಲಗೈ, ಪಳಗಿದ್ದರಿಂದಲೇ ತಪ್ಪಿತ್ತು.

"ಹಾಗಾದ್ರೆ ತಪ್ಪದೇ ಇರೋ ಕೈ ಯಾರದು, ಅದನ್ನ ಹೇಳು" ಎಂದಳು ಅಜ್ಜಿ.

"ನನ್ನದು, ಅಜ್ಜಿ. ಕಟ್ಟಿಹಾಕಿದ್ದಾರೆ."

ತಂದೆ ಮಗಳ ಸೊಂಟದ ಗಂಟಿಗೆ ಕೈ ಹಾಕಿದ. ಗಂಟು ಸುಲಭಕ್ಕೆ ಬಿಚ್ಚಲಿಲ್ಲ. ಕೊನೆಗೆ ಕುಡುಗೋಲು ತಂದು ತನ್ನ ಹಗ್ಗವನ್ನು ತಾನೇ ಕೊಯ್ದ.

ಅವಳು ಆ ಮನೆಯ ಹೆಬ್ಬಾಗಿಲಲ್ಲೇ ಕೂತು ಹೊಸೆದಳು. ಎಡಗೈ ಮುಂದೆ ಹೋಯಿತು, ಯಾರೂ ಗದರಲಿಲ್ಲ. ಮುಗಿದ ಮೇಲೆ ತಂದೆ ಆ ಹಗ್ಗವನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸರಿಸಿ ತಪ್ಪು ಹುಡುಕಿದ. ಸಿಗಲಿಲ್ಲ. ಇದ್ದಿಲು, ಚಿಗುರು ಸಿಕ್ಕಿಸಿ ತಾನೇ ಬಾಗಿಲಿಗೆ ಕಟ್ಟಿದ.

ಆ ವಾರ ಊರಿಗೆ ಜ್ವರ ಬಂತು. ಗಾಳಿಯೂ ಬೀಸಿತು. ಕೂಸಿನ ಸೋದರಮಾವ ದೂರದಿಂದ ಬಂದವನು ಹಗ್ಗ ನೋಡಿ ಬಾಗಿಲಿಂದಲೇ ಹಿಂತಿರುಗಿದ. ಯಾರೂ ದಾಟಲಿಲ್ಲ. ಇಪ್ಪತ್ತೊಂದನೆಯ ದಿನ ಹಗ್ಗ ಇಳಿಸಿದಾಗ ಅಜ್ಜಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಕೂಸು ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು.

"ಇದನ್ನು ಹೊಸೆದವರು ಯಾರು?" ಎಂದು ಜನ ಕೇಳಿದರು.

"ನನ್ನ ಮಗಳು" ಎಂದ ತಂದೆ. "ಎಡಚಿ."

ಅಷ್ಟು ವರ್ಷ ಊರವರ ಮುಂದೆ ಹೇಳಲು ಅವನು ನಾಚುತ್ತಿದ್ದ ಮಾತು ಅದು. ಆ ದಿನ ಅದನ್ನು ಬಿರುದಿನಂತೆ ಹೇಳಿದ. ಮಗಳು ತಲೆ ತಗ್ಗಿಸಲಿಲ್ಲ. ಅಲ್ಲಿಂದ ಮುಂದೆ ಆ ಸೀಮೆಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹಗ್ಗ ಅವಳ ಕೈಯಿಂದಲೇ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯರು ತಲೆದೂಗಿದರು. ಕೆಲವರ ಕಣ್ಣು ಒದ್ದೆಯಾಗಿತ್ತು. ಅಡವೀಶ ಹುಣಸೆ ಬೀಜವನ್ನು ಮತ್ತೆ ಬಾಯಿಗೆ ಹಾಕಿಕೊಂಡು, ಎರಡು ಕೈಗಳನ್ನೂ ಮಂಡಿಯ ಕೆಳಗೆ ಇಟ್ಟುಕೊಂಡು ಕೂತ. ತಡೆದುಕೊಂಡ. ತಡೆಯಲಾಗಲಿಲ್ಲ. ಬೀಜ ಉಗಿದ.

"ಗುರುಗಳೇ, ಕೂಸು ಉಳಿದದ್ದು ಹಗ್ಗದ ಮಹಿಮೆಯಿಂದ ಎಂದು ಹೇಗೆ ಗೊತ್ತು? ಜನ ಒಳಗೆ ಬಾರದೆ ಇದ್ದದ್ದರಿಂದ ಉಳಿದಿರಬಹುದಲ್ಲ?"

"ಶುರುವಾಯಿತು! ಇವತ್ತೂ ತಣ್ಣಗಿನ ಅನ್ನ" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಅಡವೀಶನ ಮುಖ ಬಾಡಿತು. ನಗು ತಾನಾಗಿ ನಿಲ್ಲುವವರೆಗೂ ಗುರುಗಳು ಕಾದರು. ಆಮೇಲೆ ನೆಲದ ಮೇಲಿದ್ದ ಬೀಜವನ್ನು ಹೆಕ್ಕಿ ಅಂಗಳಕ್ಕೆ ಎಸೆದು, ಅವನನ್ನೇ ನೋಡಿ ಹೇಳಿದರು:

"ಮೂವತ್ತು ವರ್ಷದಿಂದ ಈ ಕತೆ ಹೇಳುತ್ತಿದ್ದೇನೆ, ಈ ಪ್ರಶ್ನೆ ಕೇಳಿದವನು ನೀನೊಬ್ಬನೇ."