ಮಂಜಿನೊಳಗಿಂದ ‘ಬಂದೆ’

“ಗುರುಗಳೇ, ರಕ್ಷಕ ಬಂದಾಗಿದೆಯೋ, ಇನ್ನು ಬರಬೇಕೋ?” ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಮೊರದ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. “ಯಾರ ರಕ್ಷಕನಪ್ಪಾ?” ಎಂದರು.

“ಮೆಸ್ಸೀಯ ಇನ್ನೂ ಬಂದಿಲ್ಲ, ಮುಂದೆ ಬಂದೇ ಬರುತ್ತಾನೆ ಎಂದು ಯೆಹೂದ್ಯರು ಹೇಳುತ್ತಾರೆ. ಬಂದಾಯಿತು, ಯೇಸುವೇ ಅವನು, ನಮಗಾಗಿ ಸತ್ತು ಮತ್ತೆ ಎದ್ದ, ಇನ್ನೊಮ್ಮೆ ಬರುತ್ತಾನೆ ಎಂದು ಕ್ರೈಸ್ತರು ಹೇಳುತ್ತಾರೆ. ಇಬ್ಬರದನ್ನೂ ಓದಿದೆ. ಒಂದು ತಿಂಗಳಿಂದ ತೂಗಿ ನೋಡುತ್ತಿದ್ದೇನೆ. ಯಾರ ಮಾತಿಗೆ ತೂಕ ಹೆಚ್ಚು ಎಂದು ತಿಳಿಯುತ್ತಿಲ್ಲ.”

“ಅಬ್ಬಬ್ಬಾ! ಎರಡು ಸಾವಿರ ವರ್ಷದಿಂದ ಅವರಿಗೇ ಬಗೆಹರಿಯದ್ದು ನಮ್ಮ ಪಂಡಿತರಿಗೆ ಒಂದು ತಿಂಗಳಲ್ಲಿ ಬಗೆಹರಿಯಬೇಕೋ? ಕೂತುಕೋ. ಆ ಹುಣಸೆ ಇತ್ತ ಎಳೆದುಕೋ. ಕೈ ತನ್ನ ಕೆಲಸ ಮಾಡಲಿ, ಕಿವಿ ಮಾತ್ರ ನನಗೆ ಕೊಡು.”

ಸಂಗಯ್ಯ ಕೂತ. ಗುರುಗಳು ಹೇಳತೊಡಗಿದರು.

ನದಿ ಸಮುದ್ರಕ್ಕೆ ಸೇರುವ ಅಳಿವೆಯ ಬಳಿ ಒಂದು ಊರಿತ್ತು. ಅಲ್ಲಿ ಒಬ್ಬ ಗಾಣದವನು, ಒಬ್ಬ ದೋಣಿ ಕಟ್ಟುವವನು. ಗಾಣದ ಹಸಾಜಿ ಯೆಹೂದ್ಯ. ದೋಣಿಯ ಇನಾಸ ಕ್ರೈಸ್ತ. ಎರಡು ಮನೆಗೂ ಒಂದೇ ಅಂಗಳ, ಒಂದೇ ಬಾವಿ. ಶನಿವಾರ ಹಸಾಜಿ ಕೆಲಸ ಮುಟ್ಟುತ್ತಿರಲಿಲ್ಲ. ಅವನ ಗಾಣದ ಎತ್ತಿಗೆ ಅಂದು ನೀರು ಸೇದಿ ಕೊಡುವವನು ಇನಾಸ. ಭಾನುವಾರ ಇನಾಸ ಹಲಗೆ ಬಡಿಯುವ ಕೊಡತಿ ಮುಟ್ಟುತ್ತಿರಲಿಲ್ಲ. ಅವನ ಹಲಗೆಗಳನ್ನು ಅಂದು ಬಿಸಿಲಿಗೆ ಮಗುಚುವವನು ಹಸಾಜಿ. ಇದನ್ನು ಅವರು ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಹಾಗೇ ನಡೆದುಕೊಂಡು ಬಂದಿತ್ತು.

ವರ್ಷಕ್ಕೊಮ್ಮೆ ಪಸ್ಕ ಹಬ್ಬದ ಊಟದ ದಿನ ಹಸಾಜಿ ಮನೆಯ ಬಾಗಿಲನ್ನು ಪೂರಾ ತೆರೆದಿಡುತ್ತಿದ್ದ. ಒಂದು ಲೋಟ ಒಣದ್ರಾಕ್ಷಿಯ ಪಾನಕ ತುಂಬಿಡುತ್ತಿದ್ದ. ಮೆಸ್ಸೀಯ ಬರುವ ಮೊದಲು ಪ್ರವಾದಿ ಎಲೀಯ ಬಂದು ಸುದ್ದಿ ಹೇಳುತ್ತಾನೆ ಎಂಬುದು ಅವರ ನಂಬಿಕೆ. ಆ ಲೋಟ ಎಲೀಯನಿಗೆ.

ಇನಾಸ ತನ್ನ ಜಗುಲಿಯಿಂದಲೇ ಕೂಗುತ್ತಿದ್ದ. “ಬಾಗಿಲು ಹಾಕಿಕೊಳ್ಳೋ ಮಾರಾಯಾ, ನಾಯಿ ನುಗ್ಗೀತು! ನೀನು ಕಾಯುತ್ತಿರುವವನು ಬಂದು ಯಾವ ಕಾಲವಾಯಿತು!”

“ಬಂದಿದ್ದರೆ ಲೋಕದಲ್ಲಿ ಯಾರೂ ಅಳಬಾರದು. ನಿನ್ನೆಯೂ ಎದುರುಮನೆಯಲ್ಲಿ ಅತ್ತರಲ್ಲ?”

“ಅಳುವವರ ಜೊತೆ ಅಳುವುದಕ್ಕೇ ಅವನು ಬಂದದ್ದು ಕಣೋ.”

ಮೆಸ್ಸೀಯ ಎಂದರೆ ತಲೆಗೆ ಎಣ್ಣೆ ಎರೆಸಿಕೊಂಡವನು ಎಂದು ಅರ್ಥ. ಆ ಎಣ್ಣೆ ತನ್ನ ಗಾಣದ್ದೇ ಆಗಬೇಕು ಎಂದು ಹಸಾಜಿಗೆ ಆಸೆ. ಅವನಿಗೆ ಎರೆದಾಗಿದೆ, ನೀನು ಒಗ್ಗರಣೆಗೆ ಬಳಸಿಕೋ ಎಂದು ಇನಾಸನ ಕುಹಕ. ಇಬ್ಬರೂ ನಗುತ್ತಿದ್ದರು. ಕಡೆಗೆ ಆ ಪಾನಕದಲ್ಲಿ ಇನಾಸನಿಗೂ ಒಂದು ಲೋಟ ಬರುತ್ತಿತ್ತು. ಎಲೀಯನ ಲೋಟವಲ್ಲ, ಬೇರೆ ಲೋಟ.

ಒಮ್ಮೆ ಊರಿಗೆ ಒಬ್ಬ ಬೋಧಕ ಬಂದ. ‘ಅವನು ಬಂದ’ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳದವನಿಗೆ ರಕ್ಷಣೆಯಿಲ್ಲ ಎಂದು ಸಾರಿ ಹೇಳಿದ. ಹೇಳಿ ಮುಂದಿನ ಊರಿಗೆ ಹೋದ. ಇನಾಸನಿಗೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಸ್ವರ್ಗ ಕಾಣುತ್ತಿತ್ತು. ಅಲ್ಲಿ ಅವನ ಅಪ್ಪ, ಅವನ ಅವ್ವ, ಹೆಂಡತಿ ಕಾಸಿಲ್ಡಾ, ಎಲ್ಲರೂ ಇದ್ದರು. ಅಂಗಳವೂ ಇತ್ತು, ಬಾವಿಯೂ ಇತ್ತು. ಪಕ್ಕದ ಮನೆ ಮಾತ್ರ ಖಾಲಿ. ಗಾಣ ತಿರುಗುತ್ತಿರಲಿಲ್ಲ. ಅದು ಶನಿವಾರವಿರಬೇಕು ಎಂದು ಅವನು ಸ್ವರ್ಗದಲ್ಲಿ ಕಾದು ಕೂರುತ್ತಿದ್ದ. ಶನಿವಾರ ಮುಗಿಯುತ್ತಲೇ ಇರಲಿಲ್ಲ.

ಎದ್ದು ಹೋಗಿ ಹಸಾಜಿಯ ಕೈ ಹಿಡಿದ. “ಒಂದೇ ಮಾತು ಹೇಳಿಬಿಡೋ. ‘ಬಂದ’ ಅನ್ನು. ಎರಡೇ ಅಕ್ಷರ. ನನಗೋಸ್ಕರ ಅನ್ನು.”

ಹಸಾಜಿ ಕೈ ಬಿಡಿಸಿಕೊಂಡ. “ಆ ಎರಡಕ್ಷರ ಅಂದರೆ ನನ್ನ ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರೂ ಸುಮ್ಮನೆ ಬಾಗಿಲು ತೆರೆದು ಕೂತಿದ್ದರು ಎಂದಾಗುತ್ತದೆ. ಅವರನ್ನೆಲ್ಲ ಬಿಟ್ಟು ನಾನೊಬ್ಬ ಎಲ್ಲಿಗೆ ಹೋಗಲಿ? ಲೋಕಕ್ಕೆಲ್ಲ ಬಿಡುಗಡೆಯಾದ ದಿನ ನನಗೂ ಆಗುತ್ತದೆ. ಅಲ್ಲಿಯವರೆಗೆ ದೇವರು ಹೇಳಿದ್ದನ್ನು ಮಾಡಿಕೊಂಡಿರುತ್ತೇನೆ.”

ಮಾತಿಗೆ ಮಾತು ಬೆಳೆಯಿತು. ಪ್ರೀತಿ ಇದ್ದಲ್ಲಿ ಸಿಟ್ಟು ಬಂದರೆ ಅದಕ್ಕೆ ಲಂಗುಲಗಾಮಿಲ್ಲ. “ಹಾಗಾದರೆ ಮುಳುಗಿ ಸಾಯಿ!” ಎಂದುಬಿಟ್ಟ ಇನಾಸ. ಮರುದಿನ ಅಂಗಳದ ನಡುವೆ ತೆಂಗಿನ ಗರಿಯ ತಟ್ಟಿ ಎದ್ದಿತು. ಏಳು ತಿಂಗಳು ಅವರ ನಡುವೆ ಮಾತಿಲ್ಲ. ಶನಿವಾರ ಎತ್ತಿಗೆ ನೀರನ್ನು ಮಾತ್ರ ಇನಾಸ ತಪ್ಪಿಸಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡೇ ಇಟ್ಟು ಬರುತ್ತಿದ್ದ.

ಚಳಿಗಾಲದ ಒಂದು ಭಾನುವಾರ. ಹಸಾಜಿ ಕೊಬ್ಬರಿ ತರಲು ಮುಂಜಾನೆಯೇ ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿದ್ದ. ತಿರುಗಿ ಹೊರಟಾಗ ಮಂಜು ಇಳಿಯಿತು. ಎಂಥ ಮಂಜು ಅಂತೀಯ! ನೀರು ಬಿಳಿ, ಆಕಾಶ ಬಿಳಿ, ನಡುವೆ ಅವನು. ಹುಟ್ಟು ಹಾಕುತ್ತಿದ್ದ ಕೈ ಅವನಿಗೇ ಕಾಣುತ್ತಿರಲಿಲ್ಲ. ಹೊತ್ತು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ನೀರಿಳಿತದ ಸಮಯ ಬೇರೆ. ಇಳಿಯುವ ನೀರು ದೋಣಿಯನ್ನು ಮೆಲ್ಲಗೆ ಸಮುದ್ರದ ಕಡೆಗೆ ಎಳೆಯುತ್ತಿತ್ತು.

ಹೆಂಡತಿ ರಾಹೇಲ ದಡಕ್ಕೆ ಬಂದು ಕರೆದಳು. ಆ ಕಾಲದಲ್ಲಿ ಗಂಡನ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. “ಇವರೇ... ಓ ಇವರೇ!” ಎಂದು ಕೂಗಿದಳು.

“ಬಂದೆ!” ಎಂದಿತು ಮಂಜು.

ಬಂದರಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಗಂಜಿಗಿಡಲು ಒಳಗೆ ಹೋದಳು. ನೀರಿನ ಮೇಲೆ ಅವನಿಗೆ ದಡ ಎಂದು ಉಳಿದದ್ದು ಆ ದನಿ ಒಂದೇ. ದನಿ ನಿಂತಿತು, ದಡವೂ ಹೋಯಿತು.

ಇನಾಸ ಬಿಳಿಯಂಗಿ ತೊಟ್ಟು ಇಗರ್ಜಿಗೆ ಹೊರಟವನು ಜಗುಲಿಯಲ್ಲಿ ನಿಂತಿದ್ದ. ಕಾಸಿಲ್ಡಾ ಆಗಲೇ ಮುಂದೆ ಹೋಗಿದ್ದಳು. ಆ ‘ಬಂದೆ’ ಅವನಿಗೂ ಕೇಳಿಸಿತು. ದೋಣಿ ದಡಕ್ಕೆ ತಾಗುವ ಸದ್ದಿಗೆ ಕಿವಿಗೊಟ್ಟ. ಸದ್ದು ಬರಲಿಲ್ಲ.

ನಮ್ಮ ಮಾತೇ ಹೀಗಲ್ಲವೇ, ಸಂಗಯ್ಯಾ? ಊಟಕ್ಕೆ ಕರೆದರೆ ಹಿತ್ತಲಲ್ಲಿ ಕೈಕಾಲು ಕೆಸರಾಗಿ ನಿಂತವನು ‘ಬಂದೆ’ ಎನ್ನುತ್ತಾನೆ. ಅವನು ಬಂದಿರುವುದಿಲ್ಲ. ಎದ್ದು ಹೊರಟವನು ಹೊಸ್ತಿಲು ದಾಟುತ್ತ ‘ಬರುತ್ತೇನೆ’ ಎನ್ನುತ್ತಾನೆ. ಅವನು ಹೋಗುತ್ತಿರುತ್ತಾನೆ. ನೀನೂ ಹೇಳುತ್ತೀಯ, ನಾನೂ ಹೇಳುತ್ತೇನೆ. ನಮ್ಮಲ್ಲಿ ಯಾರೂ ಸುಳ್ಳುಗಾರರಲ್ಲ.

ಇನ್ನೊಂದು ‘ಬಂದೆ’ ಕೇಳಿತು. ಈ ಸಲ ದೂರದಿಂದ, ಅಳಿವೆಯ ಕಡೆಯಿಂದ. ಇನಾಸನಿಗೆ ತಾನು ಆಡಿದ ಮಾತು ನೆನಪಾಯಿತು. ತಟ್ಟಿಯನ್ನು ಒದ್ದು ದಾಟಿ, ಓಡಿ, ಬಿಳಿಯಂಗಿಯಲ್ಲೇ ನೀರಿಗಿಳಿದ. ಏಳು ತಿಂಗಳ ಬಿಗುಮಾನ ಒಂದು ಗಳಿಗೆ ತಡೆಯಿತು. ಆಮೇಲೆ ಕೂಗಿದ.

“ಹಸಾಜೀ! ಹಸಾಜೀ!”

ರಾಹೇಲ ಸೌಟು ಹಿಡಿದೇ ಹೊರಗೆ ಬಂದಳು. “ಬಂದೆ ಅಂದರಲ್ಲಾ!”

“ಬಂದೆ ಅಂದವನು ಇನ್ನೂ ಬಂದಿಲ್ಲ ರಾಹೇಲಬಾಯಿ! ಕೂಗು! ನಿಲ್ಲಿಸಬೇಡ!”

ಇಬ್ಬರೂ ಕೂಗಿದರು. ರಾಹೇಲ ಮದುವೆಯಾದ ಮೇಲೆ ಮೊದಲ ಸಲ ಗಂಡನ ಹೆಸರು ಹಿಡಿದು ಕೂಗಿದಳು. ಗುಡ್ಡದ ಮೇಲೆ ಇಗರ್ಜಿಯ ಗಂಟೆ ಬಾರಿಸಿ ನಿಂತಿತು. ಪೂಜೆ ಶುರುವಾಯಿತು. ಇನಾಸನ ಗಂಟಲು ಒಡೆದು ದನಿ ಹೊರಡದಾಯಿತು. ಆಗ ಮೇಲೆ ಬಂದು ಕೊಡತಿ ಎತ್ತಿಕೊಂಡು, ಅರ್ಧ ಕಟ್ಟಿದ ದೋಣಿಯ ಹೊಟ್ಟೆಗೆ ಬಡಿದ. ಧಮ್, ಧಮ್ ಎಂದು ಬಡಿಯುತ್ತಲೇ ಇದ್ದ.

ಸದ್ದು ಹಸಾಜಿಗೆ ಕೇಳಿತು. ಆದರೆ ನಂಬಲಿಲ್ಲ. ಇಂದು ಭಾನುವಾರ, ಇನಾಸ ಕೊಡತಿ ಮುಟ್ಟುವವನಲ್ಲ, ಇದು ಬಂಡೆಗೆ ಅಪ್ಪಳಿಸುವ ಅಲೆ ಎಂದುಕೊಂಡ. ಬಂಡೆಯಿಂದ ದೂರ ಹೋಗಬೇಕೆಂದು ದೋಣಿಯನ್ನು ತಿರುಗಿಸಿಯೂಬಿಟ್ಟ. ನೋಡಪ್ಪಾ, ಇಪ್ಪತ್ತು ವರ್ಷ ಪಕ್ಕದಲ್ಲಿದ್ದು ಗೆಳೆಯನ ನೇಮವನ್ನು ಅಷ್ಟು ಚೆನ್ನಾಗಿ ಬಲ್ಲವನು, ಅದೇ ಕಾರಣಕ್ಕೆ ಸಾಯುವವನಿದ್ದ.

ಅಷ್ಟರಲ್ಲಿ ಆ ಸದ್ದಿನ ನಡುವೆ ಒಂದು ಒಡಕು ದನಿ ಬಂತು. “ನಾನು ಅಂದದ್ದು ಸುಳ್ಳು ಕಣೋ! ಮುಳುಗಬೇಡವೋ ಕತ್ತೇ!”

ಹಸಾಜಿ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಆ ಬೈಗುಳ ಬಂದ ಕಡೆಗೆ ಹುಟ್ಟು ಹಾಕಿದ.

ದೋಣಿಯ ಮೂತಿ ಮಂಜನ್ನು ಸೀಳಿ ಹೊರಬಂದಾಗ ಇನಾಸ ಮತ್ತೆ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಬಂದಾಯಿತು ಎಂದು ವಾದಿಸುತ್ತಿದ್ದವನು, ಇನ್ನೂ ಬಾರದವನಿಗಾಗಿ ನಡುಗುತ್ತ ಕಾದಿದ್ದ. ಬರಬೇಕು ಎಂದು ವಾದಿಸುತ್ತಿದ್ದವನು, ತನಗಿಂತ ಮೊದಲೇ ಬಂದು ನಿಂತವನನ್ನು ನೋಡಿದ. ಇಬ್ಬರಿಗೂ ಅದು ಹೊಳೆಯಲಿಲ್ಲ. ಹೊಳೆಯುವಷ್ಟು ಪುರುಸೊತ್ತು ಯಾರಿಗಿತ್ತು? ತಬ್ಬಿಕೊಂಡರು.

“ಪೂಜೆ ತಪ್ಪಿಸಿಕೊಂಡೆಯಲ್ಲೋ” ಎಂದ ಹಸಾಜಿ.

“ಬಾಯಿ ಮುಚ್ಚಿಕೊಂಡು ದೋಣಿ ಎಳಿ” ಎಂದ ಇನಾಸ.

ಗಂಜಿಯ ಮುಂದೆ ಕೂತಾಗ ಹಸಾಜಿ ಹೇಳಿದ. “ಇನಾಸಾ, ಈಗಲೂ ನಾನು ‘ಬಂದ’ ಅನ್ನಲಾರೆ.”

“ನಾನೂ ಬಿಡಲಾರೆ.”

“ಮತ್ತೆ ಆ ಕಡೆಯ ದಿನ ಸ್ವರ್ಗಕ್ಕೆ ನಿನ್ನನ್ನು ಒಳಗೆ ಕರೆದು ನನ್ನನ್ನು ಹೊರಗೇ ನಿಲ್ಲಿಸಿದರೆ?”

ಇನಾಸ ಗಂಜಿಯ ಬಟ್ಟಲು ಕೆಳಗಿಟ್ಟ. ಉಳಿದಿದ್ದ ಅಷ್ಟಿಷ್ಟು ದನಿಯಲ್ಲಿ ಹೇಳಿದ. “ಬಾಗಿಲಲ್ಲೇ ನಿಂತು ನಿನ್ನ ಹೆಸರು ಕೂಗುತ್ತೇನೆ. ನೀನು ಬರುವವರೆಗೆ ಒಳಗಿನ ಒಬ್ಬರಿಗೂ ನೆಮ್ಮದಿ ಕೊಡುವುದಿಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಹಸಾಜಿ ಸಾಯುವವರೆಗೂ ಹಬ್ಬದ ದಿನ ಬಾಗಿಲು ತೆರೆದೇ ಇಟ್ಟನಂತೆ, ಇನಾಸ ಭಾನುವಾರದ ಪೂಜೆ ಮತ್ತೆಂದೂ ತಪ್ಪಿಸಲಿಲ್ಲವಂತೆ, ತಟ್ಟಿಯನ್ನು ರಾಹೇಲ ಒಲೆಗೆ ಹಾಕಿದಳಂತೆ ಎಂದು ಸೇರಿಸಿದರು.

ಸಂಗಯ್ಯ ಬಿಡಿಸಿದ ಬೀಜವನ್ನು ಮೊರಕ್ಕೆ ಹಾಕಿದ. “ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ? ಅವರಿಬ್ಬರಲ್ಲಿ ಕಡೆಗೂ ಯಾರ ನಂಬಿಕೆ ಸರಿ?”

ಗುರುಗಳು ಮೊದಲ ಬಾರಿಗೆ ತಲೆ ಎತ್ತಿ ಅವನ ಮುಖ ನೋಡಿದರು.

“ಅವರಿಬ್ಬರಿಗೂ ಕಾಯುವುದಕ್ಕೆ ಒಬ್ಬನಿದ್ದಾನೆ, ಸಂಗಯ್ಯಾ, ನಿನಗೆ ಯಾರಿದ್ದಾರೆ?”