ಸಂಗವ್ವನ ಲೀಟರು, ನೀಲವ್ವನ ಗ್ರಾಮು

ಸಂಗವ್ವನ ಹೊಟ್ಟೆಕಿಚ್ಚು ಊರಿಗೇ ಗೊತ್ತು. ವಾರಗಿತ್ತಿ ನೀಲವ್ವ ಹೊಸ ಸೀರೆ ಉಟ್ಟರೆ ಜ್ವರ ಬರುವುದು ಇವಳಿಗೆ!

ಇಬ್ಬರಿಗೂ ಸಮನಾಗಿ ಎಣ್ಣೆ ಕೊಡು ಎಂದು ಅತ್ತೆ ಗಾಣದಾಕೆಗೆ ಹೇಳಿ ಕಳಿಸಿದ್ದಳು. ಇಬ್ಬರೂ ಡಬ್ಬಿ ಹಿಡಿದು ಗಾಣಕ್ಕೆ ಬಂದಾಗ ಸಂಗವ್ವ ಗಾಣದಾಕೆಯ ಕಿವಿಯಲ್ಲಿ ಉಸುರಿದಳು: "ಆಕಿಗಿಂತ ನನಗ ಹೆಚ್ಚು ಬರಬೇಕು. ಇಲ್ಲಾಂದ್ರ ನಮ್ಮ ಕುಸುಬಿ ನಿನ್ನ ಗಾಣಕ್ಕ ಬರಾಂಗಿಲ್ಲ!"

ಅತ್ತೆಯ ಮಾತನ್ನೂ ಮೀರುವಂತಿಲ್ಲ. ಗಾಣದಾಕೆ ಒಳಗೆ ಹೋಗಿ ಇಬ್ಬರ ಡಬ್ಬಿಗೂ ಒಂದೊಂದು ಲೀಟರ್ ಅಳೆದು ಸುರಿದಳು. ಹೊರಗೆ ಬಂದು ನೀಲವ್ವನ ಎಣ್ಣೆಯನ್ನು ಮಾತ್ರ ತಕ್ಕಡಿಯಲ್ಲಿ ತೂಗಿದಳು. ಎಣ್ಣೆ ನೀರಿಗಿಂತ ಹಗುರ ನೋಡಿ, ಲೀಟರ್ ತೂಗಿದರೆ ಕಿಲೋ ಆಗುವುದಿಲ್ಲ.

"ಅಕ್ಕಾರ, ನಿಮಗ ತುಂಬಿದ ಲೀಟರು. ಆಕಿಗೆ ಕಿಲೋನೂ ಇಲ್ಲ, ಬರೇ ಒಂಬೈನೂರಾ ಹತ್ತು ಗ್ರಾಮು!"

ಸಂಗವ್ವನ ಮುಖ ಅರಳಿತು. "ಅಯ್ಯ, ಪಾಪ!" ಎಂದವಳೇ ತನ್ನ ಡಬ್ಬಿಯಿಂದ ಒಂದು ಸೌಟು ಎಣ್ಣೆ ವಾರಗಿತ್ತಿಯ ಡಬ್ಬಿಗೆ ಸುರಿದು, ಗೆದ್ದವಳ ಹಾಗೆ ಮನೆಗೆ ನಡೆದಳು.